ಫಿಯಟ್ಟಿನ ಬೋಲ್ಟು, ಭದ್ರಾವತಿಯ ಹೂವಪ್ಪ

ರುದ್ರೇಶ ಹುಟ್ಟಿದ್ದು ಮನೆಯಲ್ಲೂ ಅಲ್ಲ, ಆಸ್ಪತ್ರೆಯಲ್ಲೂ ಅಲ್ಲ. ಶಿವಮೊಗ್ಗದ ತುಂಗಾ ಸೇತುವೆಯ ಮೇಲೆ, ಬಿಳಿ ಬಣ್ಣದ ಒಂದು ಫಿಯಟ್ ಕಾರಿನ ಹಿಂದಿನ ಸೀಟಿನಲ್ಲಿ. ಇದನ್ನು ಅವನಾಗಿ ಯಾರಿಗೂ ಹೇಳಿಕೊಂಡವನಲ್ಲ. ಆದರೆ ಅವನ ತಾಯಿಯ ಬಾಯಿಂದ ಈ ಕಥೆ ಕೇಳದ ಮನೆ ಆಲ್ಕೊಳದಲ್ಲಿ ಒಂದಾದರೂ ಇದ್ದರೆ, ಆ ಮನೆಯವರು ನಿನ್ನೆ ಮೊನ್ನೆ ಬಾಡಿಗೆಗೆ ಬಂದವರೇ ಇರಬೇಕು.

೧೯೬೯ನೇ ಇಸವಿಯ ಮಾತು. ಆಕೆಗೆ ಹೆರಿಗೆ ಕಷ್ಟವಾಗಿ ಭದ್ರಾವತಿಯ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅಲ್ಲಿದ್ದ ನರ್ಸು ಜಗದಾಂಬಾ ಕೈಯಿಟ್ಟು ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ಶಿವಮೊಗ್ಗದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದು ತಮ್ಮದೇ ಕಾರಿನಲ್ಲಿ ಮಲಗಿಸಿಕೊಂಡು ಹೊರಟರಂತೆ. ಕಾರು ಕೊಂಡವರು ಅವರ ಯಜಮಾನರು, ಜವಳಿ ವ್ಯಾಪಾರದ ಶಿವಯೋಗಪ್ಪನವರು. ಸ್ಟಿಯರಿಂಗ್ ಹಿಡಿದರೆ ಅವರ ಕೈಕಾಲು ನಡುಗುತ್ತಿತ್ತು. ಹಾಗಾಗಿ ಹೆಂಡತಿ ಓಡಿಸುವುದನ್ನು ಕಲಿತರು. ಆ ಕಾಲಕ್ಕೆ ಕಾರು ಓಡಿಸುವ ಹೆಂಗಸೆಂದರೆ ಜನ ದಾರಿಯಲ್ಲಿ ನಿಂತು ನೋಡುತ್ತಿದ್ದರು. ನಿದಿಗೆಯ ಹತ್ತಿರ ಕಾರು ಕೆಟ್ಟು ನಿಂತಿತು, ಜೊತೆಗಿದ್ದ ಯಾರೋ ಪುಣ್ಯಾತ್ಮ ಸರಿಮಾಡಿದ, ಮತ್ತೆ ಹೊರಟರು, ಸೇತುವೆ ದಾಟುವಷ್ಟರಲ್ಲಿ ಮಗ ಹೊರಗೆ. "ಇನ್ನೈದು ನಿಮಿಷ ಕಾಯೋಕಾಗ್ಲಿಲ್ಲ ಈ ಆತುರಗೇಡಿಗೆ," ಎನ್ನುವಲ್ಲಿಗೆ ತಾಯಿಯ ಕಥೆ ಮುಗಿಯುತ್ತಿತ್ತು.

ಆತುರಗೇಡಿ ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಸುಳ್ಳೇನೂ ಆಗಿರಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿಗೆಲ್ಲ ಆಲ್ಕೊಳ ಸರ್ಕಲ್ಲಿನ ಬಳಿ ಸ್ವಂತ ಗ್ಯಾರೇಜು ಹಾಕಿದ್ದ. ಒಳ್ಳೆಯ ಮೆಕ್ಯಾನಿಕ್ಕು, ಅದರಲ್ಲಿ ಎರಡು ಮಾತಿಲ್ಲ. ಗಾಡಿ ಗೇಟಿನೊಳಗೆ ಬರುವ ಸದ್ದಿಗೇ ಅದರ ರೋಗ ಹೇಳುತ್ತಿದ್ದ. ಆದರೆ ಬಿಚ್ಚಲು ಬಾರದ ಬೋಲ್ಟೊಂದು ಎದುರಾದರೆ, ಅದು ಬೇಕೆಂದೇ ತನ್ನನ್ನು ಅಣಕಿಸುತ್ತಿದೆ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಪ್ಯಾನರಿಗೆ ಉದ್ದನೆ ಪೈಪು ತೊಡಿಸುವುದು, ಪೈಪಿನ ಮೇಲೆ ಕಾಲಿಟ್ಟು ಒದೆಯುವುದು, ಟಕ್ಕೆಂದು ಮುರಿದ ಮೇಲೆ ಅದನ್ನು ಬಿಗಿದವನ ವಂಶವನ್ನೆಲ್ಲ ಬೈಯುವುದು. ಇದು ಅವನ ಪದ್ಧತಿ.

ಹೀಗಿರುವಾಗ ೧೯೯೮ರ ಆಯುಧಪೂಜೆಗೆ ನಾಲ್ಕು ದಿನ ಇದೆ ಎನ್ನುವಾಗ, ಅವನು ಹುಟ್ಟಿದ ಆ ಕಾರೇ ಅವನ ಗ್ಯಾರೇಜಿಗೆ ಬಂತು. ಬಂತು ಎನ್ನುವುದಕ್ಕಿಂತ, ಒಂದು ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಒಳಗೆ ಸ್ಟಿಯರಿಂಗ್ ಹಿಡಿದು ಕೂತವರು ಜಗದಾಂಬಮ್ಮ. ಅರವತ್ತೇಳು ವರ್ಷ, ಕನ್ನಡಕ, ಬೆನ್ನು ಮಾತ್ರ ಈಗಲೂ ನೆಟ್ಟಗೆ. ಊರೂರು ವರ್ಗವಾಗಿ, ನಿವೃತ್ತರಾಗಿ, ಯಜಮಾನರು ಕಾಲವಾದ ಮೇಲೆ ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಮಗ ಮಧುವಿನ ಜೊತೆ ಇದ್ದರು. ಕಾರು ಹೋದಲ್ಲೆಲ್ಲ ಅವರೊಂದಿಗೆ ಹೋಗಿತ್ತು. ಅದರ ಹಿಂದಿನ ಸೀಟಿನಲ್ಲಿ ಆಸ್ಪತ್ರೆ ಸೇರಿದ ಬಸುರಿಯರ ಲೆಕ್ಕ ಅವರೇ ಮರೆತಿದ್ದರು.

ಕಾರಿನ ಕಾಯಿಲೆ ಇಷ್ಟೇ: ಎರಡು ಮೈಲಿ ಓಡಿದರೆ ಇಂಜಿನ್ನು ಕೆಂಡವಾಗುತ್ತಿತ್ತು. ಇಂಜಿನ್ನಿನ ಮುಂಭಾಗದಲ್ಲಿ ನೀರು ರೇಡಿಯೇಟರಿಗೆ ಹೋಗಲು ಒಂದು ಮೂತಿ ಇರುತ್ತದೆ. ಅದರೊಳಗೆ ಮೂವತ್ತು ವರ್ಷದ ತುಕ್ಕು, ಕೆಸರು ತುಂಬಿ ನೀರಿನ ದಾರಿಯೇ ಮುಚ್ಚಿಹೋಗಿತ್ತು. ಮೂತಿ ಬಿಚ್ಚಿ ತೊಳೆದರೆ ಮುಗಿಯಿತು, ಅರ್ಧ ದಿನದ ಕೆಲಸ. ಮೂತಿಯನ್ನು ಹಿಡಿದಿದ್ದುದು ಎರಡೇ ಬೋಲ್ಟು. ಒಂದು, ಹದಿಮೂರನೇ ನಂಬರ್ ಸ್ಪ್ಯಾನರಿಗೆ ಮರ್ಯಾದೆಯಿಂದ ಬಿಚ್ಚಿಕೊಂಡಿತು. ಇನ್ನೊಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹದಿಮೂರು ಅದರ ತಲೆಯ ಮೇಲೆ ಕೂರುವುದೇ ಇಲ್ಲ, ಹದಿನಾಲ್ಕು ಹಾಕಿದರೆ ಜಾರುತ್ತದೆ. ತುಕ್ಕು ಹಿಡಿದು ತಲೆ ಊದಿಕೊಂಡಿದೆ ಎಂದುಕೊಂಡ ರುದ್ರೇಶ. ಜಗ್ಗಿದ, ಬಡಿದ, ಬೈದ. ಮೂರು ದಿನಕ್ಕೆ ಬೋಲ್ಟಿನ ತಲೆಯ ಎರಡು ಮೂಲೆ ಸವೆದವು, ಬೋಲ್ಟು ಇದ್ದಲ್ಲೇ ಇತ್ತು.

ಪೈಪು ಹಾಕಿ ಒದೆಯಲು ಮಾತ್ರ ಅವನಿಗೆ ಈ ಸಲ ಧೈರ್ಯ ಬರಲಿಲ್ಲ. ಮೂತಿ ಕೂತಿರುವ ಇಂಜಿನ್ನಿನ ತಲೆ, ಅಂದರೆ ಹೆಡ್ಡು, ಈ ಕಾರಿನಲ್ಲಿ ಅಲ್ಯೂಮಿನಿಯಮ್ಮಿನದು. ಬೋಲ್ಟು ಉಕ್ಕಿನದು. ಮುರಿದು ಒಳಗೇ ಉಳಿದರೆ ಡ್ರಿಲ್ ಹಾಕಿ ತೆಗೆಯಬೇಕು. ಡ್ರಿಲ್ಲು ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಮ್ಮಿನ ಕಡೆ ಜಾರುತ್ತದೆ, ಇಂಜಿನ್ನಿನ ತಲೆಯೇ ಹಾಳು. ಆ ಮಾಡೆಲ್ಲಿನ ಇನ್ನೊಂದು ತಲೆಗಾಗಿ ಅವನು ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಿಗೆಲ್ಲ ಫೋನು ಮಾಡಿಸಿ ನೋಡಿದ್ದ. ಇಲ್ಲ ಎನ್ನುವ ಉತ್ತರ ಬಂದಿತ್ತು. ಅಂದರೆ ಬೋಲ್ಟು ಮುರಿದರೆ ಕಾರು ಸತ್ತ ಹಾಗೇ.

ಸಾಲದ್ದಕ್ಕೆ ಮಧು ಬಂದು, ಅಮ್ಮನಿಗೆ ಕೇಳಿಸದ ಹಾಗೆ ಒಂದು ಮಾತು ಹೇಳಿ ಹೋದ. ಗುಜರಿಯವನ ಹತ್ತಿರ ಮಾತಾಗಿದೆ, ವಿಜಯದಶಮಿಯ ಮಾರನೇ ದಿನ ಲಾರಿ ತರುತ್ತಾನೆ. ಹಬ್ಬದೊಳಗೆ ಕಾರು ತನ್ನ ಕಾಲ ಮೇಲೆ ನಿಂತರೆ ಇಟ್ಟುಕೊಳ್ಳುವುದು, ಇಲ್ಲವೆಂದರೆ ಕೊಟ್ಟುಬಿಡುವುದು, ಅಮ್ಮನೂ ಒಪ್ಪಿದ್ದಾರೆ. ರುದ್ರೇಶ ಹೂಂ ಎಂದ. ಆ ದಿನ ಮನೆಗೆ ಹೋಗಿ ತಾಯಿಯ ಮುಖ ನೋಡಲು ಅವನಿಗೆ ಆಗಲಿಲ್ಲ.

ಅಷ್ಟಮಿಯ ಬೆಳಿಗ್ಗೆ ಜಗದಾಂಬಮ್ಮನೇ ಗ್ಯಾರೇಜಿಗೆ ಬಂದರು. ಬೋಲ್ಟಿನ ಸವೆದ ಮೂಲೆ ನೋಡಿದರು. ಬೈಯಲಿಲ್ಲ. "ಭದ್ರಾವತೀಲಿ ಹೊಸಮನೆಗೆ ಹೋಗಿ ಹೂವಪ್ಪ ಅಂತ ಕೇಳು. ಫ್ಯಾಕ್ಟ್ರೀಲಿ ಫಿಟ್ಟರ್ ಆಗಿದ್ದ. ಈ ಕಾರು ಅವನ ಕೈಗೆ ಗೊತ್ತು," ಎಂದರು.

ಶಿವಮೊಗ್ಗದ ಮೆಕ್ಯಾನಿಕ್ಕು ಒಂದು ಬೋಲ್ಟಿಗಾಗಿ ಭದ್ರಾವತಿಗೆ ಹೋಗುವುದೇ? ರುದ್ರೇಶನಿಗೆ ಅವಮಾನವೆನಿಸಿತು. ಆದರೆ ಎದುರಿಗಿದ್ದವರು ತನ್ನನ್ನು ಈ ಲೋಕಕ್ಕೆ ಎಳೆದುಕೊಂಡವರು. ಯಜ್ಡಿ ಬೈಕು ಹತ್ತಿದ.

ಹೊಸಮನೆಯಲ್ಲಿ ದಾರಿ ಕೇಳಲು ಅವನು ನಿಂತದ್ದು ಮಾರಪ್ಪ ಎಂಬಾತನ ಟೀ ಅಂಗಡಿಯಲ್ಲಿ. ಈ ಮಾರಪ್ಪನೂ ಆ ಕಬ್ಬಿಣದ ಕಾರ್ಖಾನೆಯಿಂದಲೇ ನಿವೃತ್ತನಾದವನು. ಹೂವಪ್ಪನ ಹೆಸರು ಹೇಳಿದ್ದೇ ತಡ, ಸ್ಟೌ ಸಣ್ಣ ಮಾಡಿ ಶುರುಮಾಡಿದ. ಒಮ್ಮೆ ಒಂದು ದೊಡ್ಡ ಫ್ಯಾನಿನ ಬೋಲ್ಟನ್ನು ಹನ್ನೆರಡು ಜನ ಹಗ್ಗ ಹಾಕಿ ಜಗ್ಗಿದರೂ ಬರಲಿಲ್ಲವಂತೆ. ಹೂವಪ್ಪ ಬಂದು ಮೊದಲು ಮಾಡಿದ್ದು, ಅಷ್ಟೂ ಜನರನ್ನು ಟೀಗೆ ಕಳಿಸಿದ್ದು. ಎರಡು ದಿನ ಬೋಲ್ಟಿಗೆ ಎಣ್ಣೆ ಕುಡಿಸಿದ. ಮೂರನೇ ದಿನ ಒಂದೇ ಕೈಯಲ್ಲಿ ತಿರುಗಿಸಿ ತೆಗೆದ. ಸಾಹೇಬರು ಕೈ ಕುಲುಕಲು ಬಂದರೆ, ಕೈಯೆಲ್ಲ ಎಣ್ಣೆ ಸಾರ್ ಎಂದು ಮೊಣಕೈ ಚಾಚಿದನಂತೆ. ಯಾವ ಬೋಲ್ಟಾದರೂ ಸರಿ, ಮುಟ್ಟುವ ಮೊದಲು ಅವನದು ಮೂರು ಪ್ರಶ್ನೆ: ಬಿಗಿದವರು ಯಾರು, ಬಿಗಿದು ಎಷ್ಟು ವರ್ಷವಾಯಿತು, ನೀರು ಕುಡಿದಿದೆಯೋ ಇಲ್ಲವೋ. ತಾನು ಬಿಗಿಯುವುದಾದರೆ, ಎಷ್ಟೇ ಅವಸರವಿರಲಿ, ಗ್ರೀಸು ಹಚ್ಚದೆ ಒಂದೂ ಬೋಲ್ಟು ಹಾಕುವವನಲ್ಲ. ಹೊಸಬರು ತಲೆ ಕೆಟ್ಟು ಕೇಳಿದರೆ, ಬಿಗಿ ಮಾಡುವಾಗ ಮುಂದೆ ಬಿಚ್ಚುವವನ ನೆನಪಿರಬೇಕು ಎನ್ನುತ್ತಿದ್ದನಂತೆ. ಜೊತೆಯಲ್ಲಿದ್ದ ತಮಿಳಿನವರು ಅವನನ್ನು ಪೂವಪ್ಪನ್ ಎಂದು ಕರೆಯುತ್ತಿದ್ದರೆಂದೂ, ಕಬ್ಬಿಣದ ನಡುವೆ ಬದುಕಿದವನಿಗೆ ಅಷ್ಟು ಮೆತ್ತಗಿನ ಹೆಸರು ಸರಿಯಾಗಿಯೇ ಒಪ್ಪಿತ್ತೆಂದೂ ಹೇಳಿ ಮಾರಪ್ಪ ಟೀ ಸೋಸಿದ.

ಹೂವಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಯಾರದೋ ಪ್ರೆಷರ್ ಕುಕ್ಕರಿನ ಹಿಡಿಯನ್ನು ಬಿಚ್ಚುತ್ತಿದ್ದ. ಐವತ್ತೇಳರ ಸಣಕಲು ಆಳು. ಈ ತೋಳಿನಲ್ಲಿ ಏನು ಬಲ ಇದ್ದೀತು ಎನ್ನಿಸಿತು ರುದ್ರೇಶನಿಗೆ. ಸಂಗತಿ ಹೇಳಿದ. ಹೂವಪ್ಪ ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದ. ಒಳಗಿಂದ ಅವನ ಹೆಂಡತಿ ದುರ್ಗಮ್ಮ, "ಬೋಲ್ಟಿಗಾದ್ರೆ ಎರಡು ದಿನ ಕಾಯ್ತಾರೆ, ಕಾಫಿಗೆ ಎರಡು ನಿಮಿಷ ಕಾಯಲ್ಲ ನೋಡಪ್ಪ ಈ ಮನುಷ್ಯ," ಎನ್ನುತ್ತ ಲೋಟ ತಂದಿಟ್ಟಳು. ಕಾರು ಯಾರದ್ದು ಎಂದು ಕೇಳಿದ ಹೂವಪ್ಪ. ನರ್ಸು ಜಗದಾಂಬಮ್ಮನದು ಎಂದ ರುದ್ರೇಶ.

ಕುಕ್ಕರಿನ ಹಿಡಿ ಕೈಯಲ್ಲೇ ನಿಂತಿತು. "ಆ ಬಿಳೀ ಫಿಯಟ್ಟಾ? ಅದಿನ್ನೂ ಇದೆಯಾ?"

ಇದೆ ಎಂದ ಮೇಲೆ ಹೂವಪ್ಪ ಕುಕ್ಕರು ಬದಿಗಿಟ್ಟು ಎದ್ದ. ಕಾಫಿಯನ್ನೂ ಕುಡಿಯಲಿಲ್ಲ. ಒಳಗೆ ಹೋಗಿ ಸಲಕರಣೆಯ ಕ್ಯಾನ್ವಾಸ್ ಚೀಲ ತಂದ. ದುರ್ಗಮ್ಮನಿಗೆ ಹೇಳಿ ಒಂದು ಹಿಡಿ ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಸಿ, ಬಾಳೆ ಎಲೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ದಾರಿಯಲ್ಲಿ ತಿನ್ನಲೋ ಏನೋ ಎಂದುಕೊಂಡ ರುದ್ರೇಶ. ನಿದಿಗೆಯ ಹತ್ತಿರ ಬರುವಾಗ ಬೈಕಿನ ಹಿಂದೆ ಕೂತಿದ್ದ ಹೂವಪ್ಪ, ಸ್ವಲ್ಪ ನಿಧಾನ ಹೋಗಪ್ಪ ಎಂದು ಭುಜ ಮುಟ್ಟಿದ.

ಗ್ಯಾರೇಜಿನಲ್ಲಿ ಹೂವಪ್ಪ ಬೋಲ್ಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತ. ವೈರ್ ಬ್ರಷ್ಷಿನಿಂದ ತುಕ್ಕು ಉಜ್ಜಿದ, ಬಟ್ಟೆಯಲ್ಲಿ ಒರೆಸಿದ, ಬೆರಳಿನಿಂದ ತಲೆಯ ಸುತ್ತ ಸವರಿದ. ಮೂರು ಪ್ರಶ್ನೆಗಾಗಿ ರುದ್ರೇಶ ಕಾದಿದ್ದ. ಒಂದೂ ಬರಲಿಲ್ಲ. ಇವನೇ ತಡೆಯಲಾರದೆ, ಹದಿಮೂರು ಕೂರಲ್ಲ, ಹದಿನಾಲ್ಕು ಜಾರುತ್ತೆ, ಯಾವ ಕತ್ತೆ ಬಿಗಿದಿದ್ದಾನೋ ಸಿಕ್ಕರೆ ಒದೆಯಬೇಕು ಎಂದೆಲ್ಲ ಹೇಳಿದ. ಹೂವಪ್ಪ ಚೀಲಕ್ಕೆ ಕೈಹಾಕಿದ. ಸ್ಪ್ಯಾನರುಗಳ ಮೇಲೆ ಬೆರಳು ಆಡಿಸುತ್ತ ಸುಮಾರು ಹೊತ್ತು ತಡೆದು, ಕಪ್ಪಗಿನ ಒಂದು ಹಳೇ ಸ್ಪ್ಯಾನರು ತೆಗೆದು ಬೋಲ್ಟಿನ ಮೇಲಿಟ್ಟ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ರುದ್ರೇಶನಿಗೆ ಕುಣಿಯುವಷ್ಟು ಖುಷಿ. ಇನ್ನೇನು, ಹಾಕಿ ತಿರುಗಿಸುವುದೇ. ಆದರೆ ಹೂವಪ್ಪ ತಿರುಗಿಸಲಿಲ್ಲ. ಸ್ಪ್ಯಾನರು ತೆಗೆದು, ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ. ಅವನ ಮುಖ ಬಾಡಿತ್ತು. ಹೆದರಿದ ಮುದುಕ ಎಂದುಕೊಂಡ ರುದ್ರೇಶ, ಬೋಲ್ಟು ಬಿಗಿದವನನ್ನು ಮತ್ತೊಂದು ಸಲ ಬೈದ.

"ಬೈಯೋದಾದ್ರೆ ನಾಡಿದ್ದು ಬೈಯಪ್ಪ," ಎಂದ ಹೂವಪ್ಪ. "ಯಾರು ಅಂತ ಗೊತ್ತಾದ ಮೇಲೆ."

ಆಮೇಲೆ ಅವನು ಮಾಡಿದ ಕೆಲಸ ನೋಡಿ ರುದ್ರೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೇಬಿನಿಂದ ಚಪಾತಿ ಹಿಟ್ಟು ತೆಗೆದು ಬೋಲ್ಟಿನ ಬುಡದ ಸುತ್ತ ಒಂದು ಪುಟ್ಟ ಕಟ್ಟೆ ಕಟ್ಟಿದ, ಮಕ್ಕಳು ಅಂಗಳದಲ್ಲಿ ಕೆರೆ ಕಟ್ಟುವ ಹಾಗೆ. ಸೀಮೆಎಣ್ಣೆಗೆ ನಾಲ್ಕು ಹನಿ ಇಂಜಿನ್ ಆಯಿಲ್ ಬೆರೆಸಿ ಆ ಕಟ್ಟೆಯೊಳಗೆ ತುಂಬಿದ. ಮಟ್ಟ ಇಳಿದರೆ ಸ್ವಲ್ಪ ಹಾಕು, ಬೇರೇನೂ ಮುಟ್ಟಬೇಡ, ನಾಳೆ ಹೇಗೂ ಆಯುಧಪೂಜೆ, ಸಲಕರಣೆ ಎತ್ತುವ ಹಾಗಿಲ್ಲ, ನಿನ್ನ ಸ್ಪ್ಯಾನರಿಗೂ ರಜ ಈ ಬೋಲ್ಟಿಗೂ ರಜ ಎಂದು ಹೇಳಿ, ಸಂಜೆಯ ಖಾಸಗಿ ಬಸ್ಸಿಗೆ ಭದ್ರಾವತಿಗೆ ಹೊರಟೇಹೋದ.

ಆಯುಧಪೂಜೆಯ ದಿನ ಗ್ಯಾರೇಜು ತೊಳೆದು, ಬಾಳೆಕಂದು ಕಟ್ಟಿ, ಸ್ಪ್ಯಾನರು, ಸುತ್ತಿಗೆ, ಜ್ಯಾಕುಗಳನ್ನೆಲ್ಲ ಒರೆಸಿ ಹಲಗೆಯ ಮೇಲೆ ಜೋಡಿಸಿ ಕುಂಕುಮ ಹಚ್ಚಿದರು. ಬೂದುಗುಂಬಳ ಒಡೆದರು. ಬಾನೆಟ್ಟು ಬಾಯಿ ತೆರೆದು ನಿಂತಿದ್ದ ಫಿಯಟ್ಟಿಗೂ ಒಂದು ಚೆಂಡು ಹೂವಿನ ಹಾರ ಬಿತ್ತು. ಎಲ್ಲರೂ ಊಟಕ್ಕೆ ಹೋದ ಮೇಲೆ ರುದ್ರೇಶ ಒಬ್ಬನೇ ಉಳಿದ. ನಾಡಿದ್ದು ಗುಜರಿಯವನ ಲಾರಿ. ಇಲ್ಲಿ ನೋಡಿದರೆ ಹಿಟ್ಟಿನ ಕಟ್ಟೆ ಕಟ್ಟಿಕೊಂಡು ಕೂತಿದೆ ಈ ಬೋಲ್ಟು. ಅವನ ತಾಳ್ಮೆ ಹರಿಯಿತು. ಹಲಗೆಯ ಮೇಲಿನ ಪೈಪ್ ರೆಂಚಿಗೆ ಕೈ ಹಾಕಿಯೇಬಿಟ್ಟ. ಕುಂಕುಮ ಬೆರಳಿಗೆ ಅಂಟಿತು. ಹದಿನೆಂಟು ವರ್ಷದಿಂದ, ಯಾರದೋ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳತೊಡಗಿದ ದಿನದಿಂದ, ಪೂಜೆಗಿಟ್ಟ ಸಾಮಾನನ್ನು ಅವನು ಎತ್ತಿದವನಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ನಿಂತ.

ಬೇರೇನೂ ತೋಚದೆ ಬೋಲ್ಟಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಬೆಳಿಗ್ಗೆ ಕಟ್ಟೆಯ ಅಂಚಿನವರೆಗೆ ಇದ್ದ ಎಣ್ಣೆ ಅರ್ಧಕ್ಕೆ ಇಳಿದಿತ್ತು. ಹಿಟ್ಟು ಎಲ್ಲೂ ಸೋರಿರಲಿಲ್ಲ, ಸುತ್ತ ಒಣಗಿತ್ತು. ಹಾಗಾದರೆ ಎಣ್ಣೆ ಎಲ್ಲಿ ಹೋಯಿತು? ಕೆ.ಜಿ.ಗಟ್ಟಲೆ ಬಲ ಹಾಕಿದರೂ ದಾರಿ ಬಿಡದ ಬೋಲ್ಟು, ಸುಮ್ಮನೆ ಬಿಟ್ಟಿದ್ದಕ್ಕೆ ಒಳಗೆ ಕುಡಿಯುತ್ತಿದೆ. ರುದ್ರೇಶನ ಮೈ ಜುಮ್ಮೆಂದಿತು. ಆ ಸಣಕಲು ಮುದುಕನ ಮೇಲೆ ಅವನಿಗೆ ಮೊದಲ ಸಲ ಗೌರವ ಹುಟ್ಟಿದ್ದು ಆಗ. ಸೀಮೆಎಣ್ಣೆ ಬಾಟಲಿ ತಂದು ಹನಿಹನಿಯಾಗಿ ತುಂಬಿದ. ಸಂಜೆಯವರೆಗೆ ನಾಲ್ಕು ಸಲ ತುಂಬಿದ. ನಾಲ್ಕು ಸಲವೂ ಇಳಿಯಿತು.

ವಿಜಯದಶಮಿಯ ಬೆಳಿಗ್ಗೆ ಏಳೂವರೆಗೆಲ್ಲ ಹೂವಪ್ಪ ಬಸ್ಸಿಳಿದು ಬಂದ. ಹಲಗೆಯ ಮುಂದೆ ಊದುಬತ್ತಿ ಹಚ್ಚಿ, ಸಲಕರಣೆಗೆ ಕೈಮುಗಿದು, ರುದ್ರೇಶನ ಮನೆಯಿಂದ ಒಂದು ಕೊಡ ಕುದಿಯುವ ನೀರು ತರಿಸಿದ. ಹಿಟ್ಟಿನ ಕಟ್ಟೆ ಬಿಡಿಸಿ, ಎಣ್ಣೆಯನ್ನೆಲ್ಲ ಒರೆಸಿ, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಮ್ಮಿನ ಮೇಲೆ ಚೊಂಬಿನಿಂದ ನಿಧಾನವಾಗಿ ಬಿಸಿನೀರು ಹುಯ್ಯತೊಡಗಿದ. ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗುತ್ತದೆ, ಉಕ್ಕು ಅಷ್ಟು ಹಿಗ್ಗುವುದಿಲ್ಲ, ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕರೆ ಸಾಕು ಎಂದ. ಕೊಡ ಖಾಲಿಯಾದ ಮೇಲೆ ಆ ಕಪ್ಪು ಸ್ಪ್ಯಾನರು ತೆಗೆದು ಹಾಕಿದ. ಮೊದಲು ತಿರುಗಿಸಿದ್ದು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ.

ಮುರಿದೀತು ಎಂದು ರುದ್ರೇಶನ ಬಾಯಿಗೆ ಬಂದಿತ್ತು, ನುಂಗಿಕೊಂಡ. ಸ್ಪ್ಯಾನರು ಒಂದು ಅಕ್ಕಿಕಾಳಿನಷ್ಟು ಸರಿಯಿತು. ಒಳಗೆ ಎಲ್ಲೋ ಕಿರ್ರೆಂದಿತು. ಇಷ್ಟು ವರ್ಷದ ತುಕ್ಕಿನ ಪದರ ಒಡೆದ ಸದ್ದು ಅದು. ಆಮೇಲೆ ಬಿಚ್ಚುವ ಕಡೆಗೆ ಒಂದಿಷ್ಟು, ಮತ್ತೆ ಬಿಗಿಯುವ ಕಡೆಗೆ ಅದರ ಅರ್ಧ, ಒಂದು ಹನಿ ಎಣ್ಣೆ. ಹೀಗೇ ಒಂದು ಗಂಟೆ. ತಡೆದಲ್ಲಿ ಹೂವಪ್ಪ ಬಲ ಹಾಕಲಿಲ್ಲ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ಬಂದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡು ಸಲ ಸ್ಪ್ಯಾನರು ಕೆಳಗಿಟ್ಟು ಹೊರಗೆ ಹೋಗಿ ನಿಂತು ಬಂದ. ಕೈ ಸ್ವಲ್ಪ ನಡುಗಿದರೂ ಕೆಲಸ ನಿಲ್ಲಿಸಬೇಕು ಎಂದ. ಕೊನೆಗೆ ಸ್ಪ್ಯಾನರು ಬಿಟ್ಟು ಎರಡು ಬೆರಳಿನಿಂದ ತಿರುಗಿಸಿದ. ಬೋಲ್ಟು ಹೊರಗೆ ಬಂತು. ಇಡಿಯಾಗಿ, ಮುರಿಯದೆ.

ರುದ್ರೇಶ ಆನಂದಕ್ಕೆ ಅವನ ಎರಡೂ ಭುಜ ಹಿಡಿದು ಅಲುಗಿಸಿಬಿಟ್ಟ. ಇನ್ನು ಗುಜರಿಯವನು ಬಂದ ದಾರಿ ಹಿಡಿಯಬೇಕು ಎಂದ. ಇದನ್ನು ಬಿಗಿದ ಕತ್ತೆ ಈಗ ಎದುರಿಗೆ ಬರಬೇಕಿತ್ತು ಎಂದ.

ಹೂವಪ್ಪ ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. "ಎದುರಿಗೇ ಇದೀನಿ ಕಣಪ್ಪ. ಆ ಕತ್ತೆ ನಾನೇ."

ರುದ್ರೇಶ ತಮಾಷೆ ಎಂದುಕೊಂಡ. ಹೂವಪ್ಪ ಅವನ ಕೈಗೆ ಮೊದಲು ಬಿಚ್ಚಿದ ಬೋಲ್ಟನ್ನೂ ಕೊಟ್ಟು ಎರಡನ್ನೂ ಜೋಡಿಸಿ ನೋಡು ಎಂದ. ದಪ್ಪ ಹೆಚ್ಚುಕಡಿಮೆ ಒಂದೇ. ಮೈಮೇಲಿನ ಸುತ್ತುಗೆರೆಯ ಥ್ರೆಡ್ಡು ಮಾತ್ರ ಒಂದರೊಳಗೊಂದು ಕೂರುವುದಿಲ್ಲ. ಫಿಯಟ್ ಕಾರಿನದೆಲ್ಲ ಮಿಲಿಮೀಟರಿನ ಲೆಕ್ಕ. ಹೂವಪ್ಪ ದುಡಿದ ಹಳೇ ಮೆಷಿನ್ನುಗಳದೆಲ್ಲ ಇಂಚಿನ ಲೆಕ್ಕ. ಹದಿಮೂರು ಕೂರದೆ ಹದಿನಾಲ್ಕು ಜಾರಿದ್ದು ತುಕ್ಕಿನಿಂದಲ್ಲ. ಅದು ಇಂಚಿನ ಬೋಲ್ಟು, ಅದಕ್ಕೆ ಇಂಚಿನ ಸ್ಪ್ಯಾನರೇ ಬೇಕು. ಮೊನ್ನೆ ಸ್ಪ್ಯಾನರು ಕೂತ ಕ್ಷಣವೇ ಹೂವಪ್ಪನಿಗೆ ತಿಳಿದಿತ್ತು. ಫಿಯಟ್ಟಿನ ತೂತಿಗೆ ಇಂಚಿನ ಬೋಲ್ಟು ತುರುಕಿದ ಮನುಷ್ಯ ಈ ಲೋಕದಲ್ಲಿ ಒಬ್ಬನೇ ಇದ್ದ.

ಅದನ್ನು ಬಿಗಿದಾಗ ಹೂವಪ್ಪನಿಗೆ ಇಪ್ಪತ್ತೆಂಟು. ಕಾರು ತೊಂದರೆ ಕೊಡುತ್ತಿದೆ, ಜೊತೆಗೆ ಬಾ ಎಂದು ನರ್ಸಮ್ಮ ಶಿಫ್ಟಿಗೆ ಹೊರಟವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದರು. ನಿದಿಗೆಯ ಹತ್ತಿರ ಹಬೆ ಎದ್ದು ಕಾರು ನಿಂತಿತು. ನೀರಿನ ಮೂತಿಯ ಒಂದು ಬೋಲ್ಟು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಹೂವಪ್ಪನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು ಇದೊಂದೇ.

"ಇದು ಇದರ ಬೋಲ್ಟಲ್ಲ ಅಂತ ಕೈಗೆ ಗೊತ್ತಾಯ್ತು. ಎರಡು ಸುತ್ತಿಗೇ ತಡೀತು. ಹಿಂದೆ ಆ ಹೆಣ್ಣುಮಗಳು ಒಂದೇ ಸಮ ಕೂಗ್ತಿದ್ಲು. ಕಣ್ಮುಚ್ಚಿ ಇದ್ದ ಬಲವೆಲ್ಲ ಹಾಕ್ದೆ. ಗ್ರೀಸಿಲ್ಲ, ಏನಿಲ್ಲ." ಹೂವಪ್ಪ ಬೋಲ್ಟು ಹಿಡಿದ ಕೈಯನ್ನು ಮುಚ್ಚಿದ. "ಮುಂದಿನ ವಾರ ಸರಿಮಾಡ್ಕೊಡೋಣ ಅಂದ್ಕೊಂಡೆ. ಅಷ್ಟರಲ್ಲಿ ನರ್ಸಮ್ಮಂಗೆ ವರ್ಗ ಆಗಿ ಊರು ಬಿಟ್ರು. ಅವತ್ತಿಂದ ಯಾವ ಬೋಲ್ಟ್ ಬಿಗಿದ್ರೂ ಇದೇ ನೆನಪಾಗೋದು, ಯಾವನ ತಲೆ ಮೇಲೆ ಬಿದ್ದಿದ್ಯೋ ಅಂತ."

ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಜನ ಹೊಗಳಿದ ಆ ಗ್ರೀಸು, ಆ ಮೂರು ಪ್ರಶ್ನೆ, ಬಿಚ್ಚುವವನ ನೆನಪು, ಎಲ್ಲ ಹುಟ್ಟಿದ್ದು ಈ ಒಂದು ಬೋಲ್ಟಿನಿಂದ. ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೋಲ್ಟು ತೆಗೆದ ಮಹಾಶಯ ಎಂದು ಹಾರ ಹಾಕಿಸಿಕೊಂಡು ಬಸ್ಸು ಹತ್ತಬಹುದಿತ್ತು. ತನ್ನ ಅರ್ಧ ವಯಸ್ಸಿನ, ಬಾಯಿಗೆ ಬಂದಂತೆ ಬೈದ ಹುಡುಗನ ಮುಂದೆ ತಲೆ ತಗ್ಗಿಸಿ ನಿಂತು ಆ ಕತ್ತೆ ನಾನೇ ಎನ್ನಲು, ಬೋಲ್ಟು ಬಿಚ್ಚುವುದಕ್ಕಿಂತ ದೊಡ್ಡ ಗಟ್ಟಿತನ ಬೇಕು.

ರುದ್ರೇಶನಿಗೆ ಇದ್ಯಾವುದೂ ಆಗ ಹೊಳೆಯಲಿಲ್ಲ. ಅವನ ಕಿವಿಯಲ್ಲಿ ನಿದಿಗೆ ಎಂಬ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಯಾರೋ ಪುಣ್ಯಾತ್ಮ ಸರಿಮಾಡಿದ ಎಂದು ತಾಯಿ ಸಾವಿರ ಸಲ ಹೇಳಿದ್ದಳು. ಆ ಪುಣ್ಯಾತ್ಮನಿಗೆ ಮೂರು ದಿನದಿಂದ ತಾನು ಏನೇನು ಅಂದಿದ್ದೆ ಎಂದು ನೆನೆಸಿಕೊಂಡ.

"ಹೂವಪ್ಪಣ್ಣ," ಎಂದ. ಅಲ್ಲಿಯವರೆಗೆ ಯಜಮಾನ್ರೇ ಎನ್ನುತ್ತಿದ್ದವನು. "ಅವತ್ತು ಹಿಂದಿನ ಸೀಟಲ್ಲಿದ್ದೋಳು ನಮ್ಮಮ್ಮ. ನೀವು ಬಿಗಿದಿದ್ದಕ್ಕೇ ಕಾರು ಸೇತುವೆ ತನಕ ಹೋಗಿದ್ದು. ಆ ಕೂಸು ನಾನೇ."

ಹೂವಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ತಾಯಿ ಮಗು ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಅಂದೇ ಹೇಳಿಕಳಿಸಿದ್ದರು, ಅಷ್ಟಕ್ಕೇ ಸಮಾಧಾನ ಮಾಡಿಕೊಂಡು ಆ ಮಗು ಯಾರದೆಂದು ಅವನು ವಿಚಾರಿಸಿರಲಿಲ್ಲ. ಹೆಗಲ ಮೇಲಿನ ಎಣ್ಣೆ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡ. ಅದೇ ಹೊತ್ತಿಗೆ ಗೇಟಿನೊಳಗೆ ಬಂದ ಜಗದಾಂಬಮ್ಮ ಇಬ್ಬರ ಮುಖ ನೋಡಿ ಬೋಲ್ಟು ಮುರಿಯಿತೆಂದೇ ತಿಳಿದು ಅಲ್ಲೇ ನಿಂತರು. ಸಂಗತಿ ತಿಳಿದ ಮೇಲೆ, "ನಿಮಗಿಬ್ಬರಿಗೂ ಗೊತ್ತಿದೆ ಅಂದ್ಕೊಂಡಿದ್ನಲ್ಲ ಮಾರಾಯ," ಎಂದು ನಕ್ಕರು. ನಗುತ್ತ ಅವರೂ ಕನ್ನಡಕ ತೆಗೆದು ಒರೆಸಿಕೊಂಡರು.

ಮೂತಿ ತೊಳೆದದ್ದಾಯಿತು. ಹಳೇ ತೂತಿನ ಥ್ರೆಡ್ಡು ಕೆಟ್ಟಿತ್ತು. ಹೂವಪ್ಪ ಟ್ಯಾಪ್ ಎಂಬ ಕೊರೆಯುವ ಸಲಕರಣೆ ಹಾಕಿ ಒಂದು ಅಳತೆ ದೊಡ್ಡದಾಗಿ ಹೊಸ ಥ್ರೆಡ್ಡು ಕೊರೆದು, ಮೂತಿಯ ತೂತನ್ನೂ ಅರದಿಂದ ಅಷ್ಟೇ ಅಗಲ ಮಾಡಿದ. ಹೊಸ ಬೋಲ್ಟಿಗೆ ಗ್ರೀಸು ಹಚ್ಚಿ ರುದ್ರೇಶ ಅವನ ಕೈಗೆ ಕೊಟ್ಟರೆ, ನೀನೇ ಬಿಗಿ ಎಂದು ತಿರುಗಿ ಕೊಟ್ಟ. ಎಷ್ಟು ಬಿಗಿಯಲಿ ಎಂದು ರುದ್ರೇಶ ಕೇಳಿದ. ಹದಿನೆಂಟು ವರ್ಷದ ಕಸುಬಿನಲ್ಲಿ ಈ ಪ್ರಶ್ನೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ಇನ್ನೂ ಸ್ವಲ್ಪ ಬಿಗಿಯೋಣ ಅನ್ನಿಸುತ್ತಲ್ಲ, ಅಲ್ಲಿಗೆ ನಿಲ್ಲಿಸು ಎಂದ ಹೂವಪ್ಪ. ಇಂಚಿನ ಬೋಲ್ಟನ್ನು ರುದ್ರೇಶ ಕೇಳಿ ಇಸಿದುಕೊಂಡ. ಕುಂಕುಮ ಹಚ್ಚಿದ ಸಲಕರಣೆಗಳ ಸಾಲಿನಲ್ಲಿ ಅದನ್ನೂ ಇಟ್ಟ. ಈಗಲೂ ಪ್ರತಿ ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೇ.

ಮಧ್ಯಾಹ್ನ ಕಾರು ಸ್ಟಾರ್ಟ್ ಆಯಿತು. ಹೂವಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟ. ಜಗದಾಂಬಮ್ಮ ಬಿಡಲಿಲ್ಲ. ಅವನನ್ನು ಮುಂದೆ ಕೂರಿಸಿಕೊಂಡು, ರುದ್ರೇಶನನ್ನು ಹಿಂದೆ ಹತ್ತು ಎಂದರು. ತಾನು ಹುಟ್ಟಿದ ಸೀಟಿನಲ್ಲಿ ಅವನು ದೊಡ್ಡವನಾದ ಮೇಲೆ ಕೂತದ್ದು ಅದೇ ಮೊದಲು. ಕಾರು ತುಂಗಾ ಸೇತುವೆ ದಾಟಿತು. ವಿದ್ಯಾನಗರ, ಮಲವಗೊಪ್ಪ ಕಳೆಯಿತು. ಹೂವಪ್ಪನ ಕಣ್ಣು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ಮುಳ್ಳು ಅರ್ಧ ದಾಟಲಿಲ್ಲ.

ನಿದಿಗೆಯ ಹತ್ತಿರ ಅವನು ಕಾರು ನಿಲ್ಲಿಸಲು ಹೇಳಿದ. ಇಳಿದು ಬಾನೆಟ್ಟು ಎತ್ತಿ, ಮೂತಿಯ ಸುತ್ತ ಬೆರಳು ಆಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ. ಒಂದು ಹನಿಯೂ ಇರಲಿಲ್ಲ.

"ರಿಪೇರಿ ಮುಗೀತು ನರ್ಸಮ್ಮ," ಎಂದ. "ಸ್ವಲ್ಪ ತಡ ಆಯ್ತು."

ಜಗದಾಂಬಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವತ್ತು ಇದೇ ಜಾಗದಲ್ಲಿ ಅವನನ್ನು ಇಳಿಸಿ ಅವರು ಮುಂದೆ ಹೋಗಿದ್ದರು. ಶಿಫ್ಟಿಗೆ ಹೊತ್ತಾಯಿತೆಂದು ಅವನು ಭದ್ರಾವತಿಗೆ ಹಿಂದಕ್ಕೆ ನಡೆದಿದ್ದ. "ಹತ್ತು ಹೂವಪ್ಪ," ಎಂದರು. "ಇವತ್ತಾದ್ರೂ ನಿನ್ನ ಮನೆ ತನಕ ಬಿಡ್ತೀನಿ."

ಹೂವಪ್ಪ ಬಾನೆಟ್ಟು ಮುಚ್ಚಿ, ಅಂಗಿಗೆ ಕೈ ಒರೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ.